ಹತ್ತು ವಾರಕ್ಕೆ ಎಂಟು ಕೆಜಿ ಇಳೀತೀರಿ ಅಂದಿತ್ತು ಆಪ್: ಕ್ಯಾಲೊರಿ ಆಪ್‌ಗಳ ತೂಕದ ಭವಿಷ್ಯವನ್ನು ಎಷ್ಟು ನಂಬಬಹುದು?

ತಿಪಟೂರು: ಮಗಳ ಮದುವೆಗೆ ಇನ್ನು ಹತ್ತು ವಾರ ಇದ್ದಾಗ ಇಲ್ಲಿನ ಪೇಟೆಯ ಕಿರಾಣಿ ಅಂಗಡಿ ಅಣ್ಣ ಒಬ್ಬರು ಫೋನ್‌ಗೆ ಕ್ಯಾಲೊರಿ ಲೆಕ್ಕ ಹಾಕೋ ಆಪ್ ಹಾಕಿಸಿಕೊಂಡರು. ಹಾಕಿಕೊಟ್ಟಿದ್ದು ಅವರ ಮಗ. ವಯಸ್ಸು 47, ಎತ್ತರ 168 ಸೆಂ.ಮೀ., ತೂಕ 84 ಕೆಜಿ ಅಂತ ತುಂಬಿದ ತಕ್ಷಣ ಆಪ್ ಒಂದು ಇಳಿಜಾರು ಗೀಟು ಎಳೆದು ತೋರಿಸ್ತು. ದಿನಕ್ಕೆ 1,400 ಕ್ಯಾಲೊರಿ ತಿಂದ್ರೆ ಮದುವೆ ಹೊತ್ತಿಗೆ 76 ಕೆಜಿ. ತಾರೀಕು ಸಮೇತ.

ಮೊದಲ ವಾರ 1.8 ಕೆಜಿ ಇಳೀತು. ಅಂಗಡಿಗೆ ಬಂದೋರಿಗೆಲ್ಲಾ ಫೋನ್ ತೋರಿಸಿದ್ರು. ಎರಡನೇ ವಾರ ಬಹಳ ಏನೂ ಇಳೀಲಿಲ್ಲ. ಮೂರನೇ ವಾರ ತೂಕ ಅಲ್ಲೇ ನಿಂತಿತು, ಒಂದು ದಿನ ಅರ್ಧ ಕೆಜಿ ಜಾಸ್ತಿನೂ ತೋರಿಸ್ತು. ಆಪ್ ಗೀಟು ಮಾತ್ರ ಇಳೀತಾನೇ ಇತ್ತು. 'ನನ್ನಲ್ಲೇ ತಪ್ಪಿದೆ' ಅಂದ್ಕೊಂಡು ಅಣ್ಣ ರಾತ್ರಿ ಊಟ ಬಿಟ್ಟರು. ಅವರಿಗೆ ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೋತಾರೆ. ಆ ವಿಷಯ ಆಪ್ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಐದನೇ ವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಗಿರಾಕಿಗೆ ಬೇಳೆ ತೂಗ್ತಾ ಇದ್ದೋರಿಗೆ ಕೈ ನಡುಗೋಕೆ ಶುರುವಾಯ್ತು. ಮೈಯೆಲ್ಲಾ ಬೆವರು. ತಕ್ಕಡಿ ಮೇಲಿನ ಅಂಕಿ ಎರಡೆರಡಾಗಿ ಕಾಣ್ತಂತೆ. ಅಂಗಡಿ ಹುಡುಗ ಚುರುಕಾಗಿದ್ದ, ಲೋಟಕ್ಕೆ ಸಕ್ಕರೆ ಸುರಿದು ನೀರು ಕಲಸಿ ಕುಡಿಸಿದ. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಹಿಂದಿನ ರಾತ್ರಿ ಊಟ ಇಲ್ಲ, ಬೆಳಿಗ್ಗೆ ಮಾತ್ರೆ ಮತ್ತು ಒಂದು ಲೋಟ ಮಜ್ಜಿಗೆ. ಸಕ್ಕರೆ ಪ್ರಮಾಣ ತೀರಾ ಕೆಳಗೆ ಹೋಗಿತ್ತು.

'ಆಪ್ ಸುಳ್ಳು ಹೇಳ್ತಾ, ನಾನೇ ತಪ್ಪು ಮಾಡಿದ್ನಾ, ನೀನೇ ವಿಚಾರಿಸಿ ಬರಿಯಪ್ಪ. ಹೆಸರು ಮಾತ್ರ ಹಾಕಬೇಡ, ಬೀಗರು ಓದ್ತಾರೆ' ಅಂದ್ರು. ಹಾಗಾಗಿ ಈ ಬರಹ.

ಗೀಟು ಹುಟ್ಟೋದು ಹೇಗೆ

ಒಳಗೆ ಮಾಯಾಜಾಲ ಏನಿಲ್ಲ. ನಾನು ಬಿಕಾಂ ಅರ್ಧಕ್ಕೆ ಬಿಟ್ಟೋನು, ನನಗೂ ಕ್ಯಾಲ್ಕುಲೇಟರ್ ಇಟ್ಕೊಂಡು ಮಾಡೋಕೆ ಬಂತು.

ಮೊದಲು, ನೀವು ಸುಮ್ಮನೆ ಮಲಗಿದ್ರೂ ದೇಹಕ್ಕೆ ಎಷ್ಟು ಶಕ್ತಿ ಬೇಕು ಅನ್ನೋ ಲೆಕ್ಕ. ಬಹಳ ಆಪ್‌ಗಳು ಬಳಸೋದು 1990ರಲ್ಲಿ ಅಮೆರಿಕದಲ್ಲಿ ಸುಮಾರು 500 ಜನರನ್ನು ಅಳೆದು ಮಾಡಿದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ, ವಯಸ್ಸನ್ನು 5ರಿಂದ ಗುಣಿಸಿ ಅದರಲ್ಲಿ ಕಳೀರಿ. ಗಂಡಸರಾದ್ರೆ 5 ಕೂಡಿಸಿ, ಹೆಂಗಸರಾದ್ರೆ 161 ಕಳೀರಿ. ನಮ್ಮ ಅಂಗಡಿ ಅಣ್ಣನಿಗೆ 1,660 ಬರುತ್ತೆ. (ಆಪ್‌ನಲ್ಲಿ ಕ್ಯಾಲೊರಿ ಅಂತ ಇರೋದು ಪುಸ್ತಕದ ಪ್ರಕಾರ ಕಿಲೋಕ್ಯಾಲೊರಿ. ಎಲ್ಲರೂ ಕ್ಯಾಲೊರಿ ಅಂತಾರೆ, ನಾನೂ ಹಾಗೇ ಬರೀತೀನಿ.)

ಆಮೇಲೆ ಓಡಾಟದ ಲೆಕ್ಕ. ಕೂತು ಕೆಲಸ ಮಾಡೋರಾದ್ರೆ 1.2ರಿಂದ ಗುಣಿಸ್ತಾರೆ, ಸ್ವಲ್ಪ ಓಡಾಟ ಇದ್ರೆ 1.375, ಚೆನ್ನಾಗಿ ಓಡಾಡೋರಿಗೆ 1.55. ನಮ್ಮಣ್ಣ ನಡುವಿನದ್ದು ಒತ್ತಿದ್ರು. 1,660ನ್ನು 1.375ರಿಂದ ಗುಣಿಸಿದ್ರೆ 2,282. ಅಂದ್ರೆ ದಿನದ ಖರ್ಚು 2,282. ತಿನ್ನೋದು 1,400. ದಿನಕ್ಕೆ 882 ಕೊರತೆ.

ಕೊನೆಗೆ, ಒಂದು ಕೆಜಿ ಕೊಬ್ಬು ಅಂದ್ರೆ 7,700 ಕ್ಯಾಲೊರಿ ಅನ್ನೋ ಲೆಕ್ಕ. 882ನ್ನು 70 ದಿನಕ್ಕೆ ಗುಣಿಸಿದ್ರೆ 61,740. ಅದನ್ನ 7,700ರಿಂದ ಭಾಗಿಸಿದ್ರೆ ಎಂಟು. 84ರಲ್ಲಿ ಎಂಟು ಹೋದ್ರೆ 76. ಅಣ್ಣನ ಫೋನ್‌ನಲ್ಲಿ ಬಂದ ಅಂಕಿನೂ ಅದೇ. ಗುಣಾಕಾರ, ಭಾಗಾಕಾರದಲ್ಲಿ ಒಂದು ತಪ್ಪೂ ಇಲ್ಲ. ತೊಂದರೆ ಇರೋದು ಗುಣಾಕಾರಕ್ಕೆ ಕೊಟ್ಟ ಅಂಕಿಗಳಲ್ಲಿ.

ಒಂದು ಬಟನ್ನಿಗೆ ಎರಡೂವರೆ ಕೆಜಿ

ಓಡಾಟದ ವಿಷಯಾನೇ ತಗೊಳ್ಳಿ. ಅಣ್ಣ 'ಬೆಳಿಗ್ಗೆಯಿಂದ ರಾತ್ರಿ ತನಕ ನಿಂತೇ ಇರ್ತೀನಲ್ಲಪ್ಪ' ಅಂತಾರೆ. ನಾನು ಒಂದು ಮಧ್ಯಾಹ್ನ ಅವರ ಅಂಗಡಿಯಲ್ಲಿ ಕೂತು ನೋಡಿದೆ. ಮೂಟೆ ಎತ್ತೋದು ಹುಡುಗ, ಮೇಲಿನ ಅಟ್ಟಣಿಗೆಯಿಂದ ಡಬ್ಬ ಇಳಿಸೋದೂ ಹುಡುಗ. ಅಣ್ಣ ಗಲ್ಲಾ ಪೆಟ್ಟಿಗೆ ಹಿಂದೆ. ಮನೆಗೆ ಊಟಕ್ಕೆ ಹೋಗೋದು ಸ್ಕೂಟರ್‌ನಲ್ಲಿ. ಸತ್ಯವಾಗಿ ಒತ್ತಬೇಕಾಗಿದ್ದು ಮೊದಲನೇ ಬಟನ್. ಆಗ ದಿನದ ಖರ್ಚು 1,992, ಹತ್ತು ವಾರಕ್ಕೆ ಇಳಿಯೋದು ಎಂಟಲ್ಲ, 5.4 ಕೆಜಿ. ಮೂರನೇ ಬಟನ್ ಒತ್ತಿದ್ರೆ ಅದೇ ಆಪ್ ಹತ್ತು ಕೆಜಿಗಿಂತ ಜಾಸ್ತಿ ಹೇಳ್ತಿತ್ತು. ಮನುಷ್ಯ ಒಬ್ಬನೇ, ಊಟ ಒಂದೇ.

ಇದರ ಮೇಲೆ ಇನ್ನೊಂದಿದೆ. ಬಿಳಿಯರನ್ನು ಅಳೆದು ಮಾಡಿದ ಸೂತ್ರಗಳು ನಮ್ಮವರಿಗೆ ಸ್ವಲ್ಪ ಜಾಸ್ತಿನೇ ಹೇಳುತ್ತವೆ ಅನ್ನೋದು ಹಳೇ ವಿಷಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದಲ್ಲೇ ಭಾರತೀಯ ಗಂಡಸರನ್ನು ಅಳೆದು ಬೇರೆ ಸೂತ್ರ ಪ್ರಕಟಿಸಿದ್ದರು. ಐಸಿಎಂಆರ್ ಕೂಡ ಭಾರತೀಯರಿಗೆ ಎಷ್ಟು ಆಹಾರ ಬೇಕು ಅಂತ ಲೆಕ್ಕ ಹಾಕುವಾಗ ಹೊರದೇಶದ ಸೂತ್ರದಿಂದ ಬಂದ ಅಂಕಿಯನ್ನು ಇಳಿಸಿಯೇ ತಗೊಳ್ಳುತ್ತೆ. ಬರೀ 5% ಕಮ್ಮಿ ಅಂದ್ಕೊಂಡ್ರೂ ನಮ್ಮಣ್ಣನ ಲೆಕ್ಕದಲ್ಲಿ ದಿನಕ್ಕೆ 100 ಕ್ಯಾಲೊರಿ ಹೋಯ್ತು, ಹತ್ತು ವಾರಕ್ಕೆ ಸುಮಾರು 0.9 ಕೆಜಿ.

ಆಪ್‌ಗೆ ನಿಮ್ಮನೆ ಮುದ್ದೆ ಗೊತ್ತಿಲ್ಲ

ಈಗ ತಿನ್ನೋ ಕಡೆ ಬರೋಣ. ನಿಜವಾದ ಸೋರಿಕೆ ಇಲ್ಲಿದೆ.

ಆಪ್‌ನಲ್ಲಿ 'ರಾಗಿ ಮುದ್ದೆ, 1' ಅಂತ ಇರುತ್ತೆ. ಯಾವ ಮುದ್ದೆ ಸ್ವಾಮಿ? 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ. ಹೋಟೆಲ್‌ನಲ್ಲಿ ಕೊಡೋ ಸಣ್ಣ ಮುದ್ದೆಗೆ 80 ಗ್ರಾಂ ಹಿಟ್ಟು ಅಂದ್ಕೊಂಡ್ರೆ 256. ತೋಟಕ್ಕೆ ಹೋಗೋ ಮನೇಲಿ ಕಟ್ಟೋ ಮುದ್ದೆಗೆ 150 ಗ್ರಾಂ ಹಿಟ್ಟು ಬಿದ್ರೆ 480. ಎರಡೂ ಆಪ್‌ಗೆ 'ಮುದ್ದೆ, 1'. ಅನ್ನದ್ದೂ ಇದೇ ಕಥೆ, ಅಕ್ಕಿ ತೂಕ ಹಾಕಿದ್ರಾ, ಬೆಂದ ಅನ್ನದ ತೂಕ ಹಾಕಿದ್ರಾ ಅನ್ನೋದರ ಮೇಲೆ ಲೆಕ್ಕ ಎರಡು ಮೂರು ಪಟ್ಟು ಆಚೀಚೆ ಆಗುತ್ತೆ, ಯಾಕಂದ್ರೆ ಬೇಯುವಾಗ ಕುಡಿದ ನೀರಿಗೆ ಕ್ಯಾಲೊರಿ ಇಲ್ಲ.

ಹಾಗಂತ ಭಾರತದ ಆಹಾರದ ಪಟ್ಟಿಯೇ ಇಲ್ಲ ಅಂತಲ್ಲ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಪದಾರ್ಥಗಳ ಪಟ್ಟಿ ತಂದಿದೆ. 2012ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಹೆಲ್ತಿಫೈಮಿ ತರದ ಆಪ್‌ಗಳಲ್ಲಿ ಇಡ್ಲಿ, ದೋಸೆ, ಚಪಾತಿ ಎಲ್ಲಾ ಸಿಗುತ್ತೆ. ಆದ್ರೆ ಪಟ್ಟಿ ಎಷ್ಟೇ ಚೆನ್ನಾಗಿದ್ರೂ ಅದು ನಿಮ್ಮ ಅಡುಗೆ ಮನೆಗೆ ಬಂದು ಒಗ್ಗರಣೆ ನೋಡಲ್ಲ. ಕೆಲವು ಆಪ್‌ಗಳಲ್ಲಿ ಬಳಸೋರೇ ತುಂಬಿಸಿದ ಅಂಕಿಗಳೂ ಸೇರಿಕೊಂಡಿರ್ತವೆ. ಒಂದೇ ತಿಂಡಿಗೆ ನಾಲ್ಕು ಥರದ ಅಂಕಿ ಕಂಡ್ರೆ ಗಾಬರಿ ಆಗಬೇಡಿ, ಕಾರಣ ಅದೇ. ಅಲ್ಲಿ ನಾವೆಲ್ಲ ಮಾಡೋದೂ ಒಂದೇ, ಕಮ್ಮಿ ಇರೋದನ್ನ ಒತ್ತುತೀವಿ!

ನಮ್ಮ ಊರಿಗೆ ಎಣ್ಣೆಗಿಂತ ದೊಡ್ಡ ಸಮಸ್ಯೆ ಕಾಯಿ. ತಿಪಟೂರಿನಲ್ಲಿ ಕಾಯಿ ಇಲ್ಲದ ಅಡುಗೆ ಯಾವುದಿದೆ ಹೇಳಿ. ಚಟ್ನಿಗೆ ಕಾಯಿ, ಪಲ್ಯಕ್ಕೆ ಕಾಯಿ, ಹುಳಿಗೆ ರುಬ್ಬಿ ಹಾಕೋದೂ ಕಾಯಿ. ಹಸಿ ಕಾಯಿ 40 ಗ್ರಾಂ ಹೊಟ್ಟೆಗೆ ಹೋದ್ರೆ ಸುಮಾರು 150 ಕ್ಯಾಲೊರಿ. ಕೊಬ್ಬರಿ ಆದ್ರೆ 100 ಗ್ರಾಂಗೆ 600ಕ್ಕೂ ಮೇಲೆ. ಆಪ್‌ನಲ್ಲಿ 'ಬೀನ್ಸ್ ಪಲ್ಯ, ಒಂದು ಬಟ್ಟಲು' ಅಂತ ಹಾಕಿದಾಗ ಅದು ಯಾವ ಊರಿನ ಪಲ್ಯ ಅಂದ್ಕೊಂಡಿರುತ್ತೋ ದೇವರಿಗೇ ಗೊತ್ತು.

ಎಣ್ಣೆ ಲೆಕ್ಕಕ್ಕೆ ಅಣ್ಣನೇ ಒಂದು ಉಪಾಯ ಹೇಳಿದ್ರು, ಕಿರಾಣಿ ಬುದ್ಧಿ ಅಂದ್ರೆ ಇದು. 'ಚಮಚ ಯಾಕೆ ಎಣಿಸ್ತೀಯ, ತಿಂಗಳ ಚೀಟಿ ನೋಡು' ಅಂದ್ರು. ಅವರ ಮನೆಗೆ ನಾಲ್ಕು ಜನಕ್ಕೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಹೋಗುತ್ತೆ. ಲೀಟರ್‌ಗೆ 910 ಗ್ರಾಂ, ಗ್ರಾಂಗೆ 9 ಕ್ಯಾಲೊರಿ. ಒಟ್ಟು 24,570. ನಾಲ್ಕು ಜನ, ಮೂವತ್ತು ದಿನಕ್ಕೆ ಹಂಚಿದ್ರೆ ತಲೆಗೆ ದಿನಕ್ಕೆ 205 ಕ್ಯಾಲೊರಿ. ಅಣ್ಣನ ಆಪ್‌ನಲ್ಲಿ ಎಣ್ಣೆ ಅಂತ ಒಂದು ದಿನವೂ ಬೇರೆಯಾಗಿ ಹಾಕಿರಲಿಲ್ಲ. ಅಡುಗೆ ಹೆಸರಿನ ಒಳಗೇ ಸ್ವಲ್ಪ ಎಣ್ಣೆ ಸೇರಿರುತ್ತೆ ನಿಜ, ಪೂರ್ತಿ ಅಲ್ಲ. ಅದಕ್ಕೆ ಅಂಗಡಿಗೆ ಬಂದೋರ ಜೊತೆ ಕುಡಿಯೋ ಟೀ, ರುಚಿ ನೋಡೋಕೆ ಬಾಯಿಗೆ ಹಾಕ್ಕೊಳ್ಳೋ ಕಡಲೆಬೀಜ, ಖಾರ ಮಂಡಕ್ಕಿ. ಬರೆಯದೇ ಬಿಟ್ಟಿದ್ದು ದಿನಕ್ಕೆ 250 ಅಂತ ನಾವಿಬ್ರೂ ಕೂತು ಅಂದಾಜು ಮಾಡಿದ್ವಿ.

ಅದನ್ನೂ ಸೇರಿಸಿ: ಓಡಾಟ ಸರಿ ಮಾಡಿದ ಮೇಲೆ 5.4 ಇದ್ದ ಇಳಿಕೆ ಈಗ 3.1 ಕೆಜಿ. ಭಾರತೀಯ ದೇಹದ 5% ಕಳೆದ್ರೆ 2.2. ಎಂಟರಿಂದ ಶುರುವಾಗಿದ್ದು!

ಇದು ನಮ್ಮೂರಿನೋರ ಸೋಮಾರಿತನ ಅಂದ್ಕೋಬೇಡಿ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. 'ದಿನಕ್ಕೆ 1,200 ಕ್ಯಾಲೊರಿನೂ ತಿನ್ನಲ್ಲ, ಆದ್ರೂ ತೂಕ ಇಳಿಯಲ್ಲ' ಅಂತಿದ್ದ ಹತ್ತು ಜನರನ್ನು ಪ್ರಯೋಗಾಲಯದ ವಿಧಾನದಲ್ಲಿ ಅಳೆದ್ರು. ಅವರ ದೇಹ ಶಕ್ತಿ ಖರ್ಚು ಮಾಡೋದರಲ್ಲಿ ಏನೂ ದೋಷ ಇರಲಿಲ್ಲ. ತಿಂದಿದ್ದನ್ನು ಸರಾಸರಿ 47% ಕಮ್ಮಿ ಹೇಳಿದ್ರು, ಮಾಡಿದ ವ್ಯಾಯಾಮವನ್ನು 51% ಜಾಸ್ತಿ ಹೇಳಿದ್ರು. ಬೇಕಂತ ಸುಳ್ಳು ಹೇಳಿದ್ದಲ್ಲ, ಮನುಷ್ಯನ ಅಂದಾಜೇ ಹಾಗೆ.

ಕೈಗೆ ಕಟ್ಟೋ ವಾಚ್ ಇದೆಯಲ್ಲ ಅಂತೀರಾ? 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದೋರು ಏಳು ಥರದ ವಾಚ್, ಬ್ಯಾಂಡ್ ಪರೀಕ್ಷೆ ಮಾಡಿದ್ರು. ಹೃದಯ ಬಡಿತ ಹೆಚ್ಚಿನವು ಸರಿಯಾಗೇ ತೋರಿಸಿದ್ವು. ಕ್ಯಾಲೊರಿ ಖರ್ಚಿನಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ವಾಚೂ ಸರಾಸರಿ 27% ತಪ್ಪು, ತೀರಾ ಕೆಟ್ಟದ್ದು 93% ತಪ್ಪು. ವಾಚ್ '300 ಕರಗಿಸಿದ್ರಿ' ಅಂದಿದ್ದಕ್ಕೆ ಖುಷಿಯಾಗಿ ಎರಡು ಬೋಂಡಾ ತಿಂದ್ರೆ ನಷ್ಟ ನಿಮ್ಮದೇ.

ಇವತ್ತಿನ ಹಾಗೇ ದಿನಾ ಇದ್ರೆ

ಮೈಫಿಟ್‌ನೆಸ್‌ಪಾಲ್ ಅನ್ನೋ ಹೆಸರುವಾಸಿ ಆಪ್‌ನಲ್ಲಿ ದಿನದ ಲೆಕ್ಕ ಮುಗಿಸಿದಾಗ ಒಂದು ಸಾಲು ಬರುತ್ತೆ: ಪ್ರತಿ ದಿನವೂ ಇವತ್ತಿನ ಹಾಗೇ ಇದ್ರೆ 5 ವಾರದಲ್ಲಿ ನಿಮ್ಮ ತೂಕ ಇಷ್ಟು. ಅದರಲ್ಲಿ ಮುಖ್ಯವಾದ ಪದ 'ಇದ್ರೆ'. ನಾವು ಓದೋದು ಅಂಕಿ ಮಾತ್ರ.

ಇದೇ ಥರದ ಲೆಕ್ಕವನ್ನ ಅಣ್ಣನ ಅಂಕಿಗಳ ಮೇಲೆ ಹಾಕಿ ನೋಡಿದೆ. ಒಪ್ಪತ್ತು ಇದ್ದ ದಿನ ಹಣ್ಣು, ಹಾಲು, ಒಂದು ತಟ್ಟೆ ಅವಲಕ್ಕಿ ಸೇರಿ 1,200 ಆಯ್ತು ಅಂತಿಟ್ಕೊಳ್ಳಿ. 5 ವಾರಕ್ಕೆ 79 ಕೆಜಿ ಅಂತ ಬರುತ್ತೆ. ಮಾರನೇ ದಿನ ನೆಂಟರ ಮನೆ ಬೀಗರೂಟಕ್ಕೆ ಹೋಗಿ 3,500 ಹೊಡೆದ್ರೆ 89.5 ಕೆಜಿ. ಎರಡು ದಿನದಲ್ಲಿ ಒಂದೇ ಮನುಷ್ಯನ ಭವಿಷ್ಯ ಹತ್ತೂವರೆ ಕೆಜಿ ಆಚೀಚೆ. ವಾರದಲ್ಲಿ ಯಾವ ದಿನವೂ ಇನ್ನೊಂದು ದಿನದ ಹಾಗೆ ಇರಲ್ಲ, ಅಂಗಡಿಯೋರಿಗೆ ಇದು ಹೇಳಿಕೊಡಬೇಕಾ? ಸಂತೆ ದಿನದ ವ್ಯಾಪಾರ ನೋಡಿ ತಿಂಗಳ ವ್ಯಾಪಾರ ಹೇಳೋಕಾಗುತ್ತಾ?

ಹಸಿ ಕೊಬ್ಬರಿ, ಒಣ ಕೊಬ್ಬರಿ

ಮೊದಲ ವಾರದ 1.8 ಕೆಜಿ ಎಲ್ಲಿಂದ ಬಂತು, ಮೂರನೇ ವಾರ ಯಾಕೆ ನಿಂತಿತು? ಇದು ಕೊಬ್ಬರಿ ಊರಿನೋರಿಗೆ ಸುಲಭವಾಗಿ ಅರ್ಥ ಆಗೋ ವಿಷಯ. ವರ್ಷದ ಹತ್ತಿರ ಅಟ್ಟದ ಮೇಲೆ ಇದ್ದ ಕಾಯಿ ಅಲ್ಲಾಡಿಸಿದ್ರೆ ಒಳಗೆ ಉಂಡೆ ಗಟಗಟ ಅನ್ನುತ್ತೆ. ಸರಿಯಾಗಿ ಒಣಗದ ಮಾಲು ತೂಕ ಜಾಸ್ತಿ ಬರುತ್ತೆ, ಆದ್ರೆ ಆ ಹೆಚ್ಚಿನ ತೂಕ ನೀರು. ತಗೊಳ್ಳೋರು ನೀರಿಗೆ ರೇಟು ಕೊಡಲ್ಲ.

ದೇಹದಲ್ಲೂ ಹಾಗೇ. ಈಲಿ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೊಜೆನ್ ಅಂತ ಸಕ್ಕರೆ ದಾಸ್ತಾನು ಇರುತ್ತೆ, ದೊಡ್ಡವರಲ್ಲಿ ಅರ್ಧ ಕೆಜಿ ಆಸುಪಾಸು. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಅನ್ನ, ಮುದ್ದೆ ಏಕಾಏಕಿ ಕಮ್ಮಿ ಮಾಡಿದ್ರೆ ಮೊದಲು ಖಾಲಿಯಾಗೋದು ಈ ದಾಸ್ತಾನು, ಜೊತೆಗೆ ನೀರೂ ಹೋಗುತ್ತೆ. ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ರಿಂದ ಇನ್ನಷ್ಟು ನೀರು. ತಕ್ಕಡಿಗೆ ಕೊಬ್ಬು ಯಾವುದು, ನೀರು ಯಾವುದು ಗೊತ್ತಾಗಲ್ಲ. ಅಣ್ಣ ಸಂಭ್ರಮ ಪಟ್ಟಿದ್ದು ಬಹುತೇಕ ನೀರಿಗೆ. ಅದೇ ವೇಗದಲ್ಲಿ ಮುಂದೆ ಇಳೀಬೇಕು ಅಂದ್ಕೊಂಡಿದ್ದೇ ಎಲ್ಲಾ ಅನಾಹುತಕ್ಕೆ ಮೂಲ.

ಉಲ್ಟಾನೂ ಅಷ್ಟೇ ನಿಜ. ಬೀಗರೂಟದ ಮಾರನೇ ದಿನ ಒಂದೂವರೆ ಕೆಜಿ ಜಾಸ್ತಿ ತೋರಿಸಿದ್ರೆ ಅಳಬೇಡಿ. ಒಂದೂವರೆ ಕೆಜಿ ಕೊಬ್ಬು ಕೂಡಬೇಕಾದ್ರೆ ಖರ್ಚಿಗಿಂತ 11,550 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಎಷ್ಟು ಹೋಳಿಗೆ ತುಪ್ಪ ತಿಂದ್ರೂ ಒಂದು ಊಟಕ್ಕೆ ಅಷ್ಟು ಆಗಲ್ಲ.

7,700ರ ಲೆಕ್ಕಕ್ಕೂ ವಯಸ್ಸಾಯ್ತು

ಒಂದು ಪೌಂಡ್ ಇಳಿಸೋಕೆ 3,500 ಕ್ಯಾಲೊರಿ ಅನ್ನೋ ನಿಯಮ 1958ರಲ್ಲಿ ಮ್ಯಾಕ್ಸ್ ವಿಶ್ನಾಫ್‌ಸ್ಕಿ ಅನ್ನೋ ನ್ಯೂಯಾರ್ಕ್ ವೈದ್ಯರು ಬರೆದಿದ್ದು. ಕೆಜಿಗೆ ತಂದ್ರೆ ಅದೇ 7,700. ಕೊಬ್ಬಿನಲ್ಲಿ ಇರೋ ಶಕ್ತಿ ಅಷ್ಟೇ, ಅದು ತಪ್ಪಲ್ಲ. ತಪ್ಪು ಇರೋದು ಅದನ್ನ ವರ್ಷಗಟ್ಟಲೆ ನೇರ ಗೀಟಿನ ಹಾಗೆ ಎಳೆಯೋದರಲ್ಲಿ. ದಿನಕ್ಕೆ 100 ಕ್ಯಾಲೊರಿ ಕಮ್ಮಿ ಮಾಡಿದ್ರೆ, ಅಂದ್ರೆ ಎರಡು ಸಣ್ಣ ಲೋಟ ಸಕ್ಕರೆ ಟೀ ಬಿಟ್ರೆ, ಈ ಲೆಕ್ಕದಲ್ಲಿ ವರ್ಷಕ್ಕೆ 4.7 ಕೆಜಿ, ಹತ್ತು ವರ್ಷಕ್ಕೆ 47 ಕೆಜಿ ಇಳೀಬೇಕು. ಟೀ ಬಿಟ್ಟಿದ್ದಕ್ಕೆ ಯಾರೂ ಹಾಗೆ ಮಾಯ ಆಗಿಲ್ಲ.

ತೂಕ ಇಳಿದ ಹಾಗೆ ದೇಹದ ಖರ್ಚೂ ಇಳಿಯುತ್ತೆ. ಹೊರೆ ಕಮ್ಮಿ ಆದ ಲಾರಿ ಡೀಸೆಲ್ ಕಮ್ಮಿ ಕುಡಿಯೋ ಹಾಗೆ. ಜೊತೆಗೆ ಊಟ ಕಮ್ಮಿ ಆದ ಮನುಷ್ಯ ತನಗೇ ಗೊತ್ತಿಲ್ಲದೆ ಓಡಾಟ ಕಮ್ಮಿ ಮಾಡ್ತಾನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೆಲ್ಲ ಸೇರಿಸಿದ ಲೆಕ್ಕ ಕೊಟ್ಟರು. ಅದರ ಪ್ರಕಾರ ದಿನಕ್ಕೆ 24 ಕ್ಯಾಲೊರಿ ಕಾಯಂ ಆಗಿ ಕಮ್ಮಿ ಮಾಡಿದ್ರೆ ಕೊನೆಗೆ ಇಳಿಯೋದು ಸುಮಾರು ಒಂದು ಕೆಜಿ. ಅದರಲ್ಲಿ ಅರ್ಧ ಇಳಿಯೋಕೆ ಒಂದು ವರ್ಷ, 95% ಇಳಿಯೋಕೆ ಮೂರು ವರ್ಷ. ಹಾಗೆ ನೋಡಿದ್ರೆ ಎರಡು ಟೀ ಬಿಟ್ಟೋರಿಗೆ ಮೊದಲ ವರ್ಷ 2 ಕೆಜಿ ಚಿಲ್ಲರೆ, ಒಟ್ಟು 4 ಕೆಜಿ ಚಿಲ್ಲರೆ. ಆಮೇಲೆ ನಿಲ್ಲುತ್ತೆ. ನೇರ ಗೀಟಲ್ಲ, ಬಾಗೋ ಗೀಟು. ಅದೇ ಸಂಸ್ಥೆಯೋರು 'ಬಾಡಿ ವೇಟ್ ಪ್ಲ್ಯಾನರ್' ಅಂತ ಒಂದು ಲೆಕ್ಕದ ಪುಟವನ್ನ ಪುಕ್ಕಟೆ ಇಟ್ಟಿದ್ದಾರೆ. ಇಂಗ್ಲಿಷ್‌ನಲ್ಲಿದೆ, ಕೆಜಿಯಲ್ಲೂ ತುಂಬಬಹುದು. ದುಡ್ಡು ಕಟ್ಟಿಸಿಕೊಳ್ಳೋ ಆಪ್‌ಗಿಂತ ಗೀಟು ಎಳೆಯೋದರಲ್ಲಿ ಇದು ವಾಸಿ, ಆದ್ರೆ ನೀವು ಕೊಡೋ ಅಂಕಿ ತಪ್ಪಾದ್ರೆ ಇದೂ ತಪ್ಪೇ.

ಅಂಗಡಿ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯೋರು ಪರೀಕ್ಷೆ ಮಾಡಿ ಮುದ್ರೆ ಹಾಕ್ತಾರೆ. ಆಪ್ ಎಳೆಯೋ ಗೀಟಿಗೆ ಮುದ್ರೆ ಹಾಕೋರು ಯಾರೂ ಇಲ್ಲ. ಮುದ್ರೆ ನೀವೇ ಹಾಕ್ಕೋಬೇಕು, ಅದಕ್ಕೆ ದಾರಿ ಇದೆ.

ದಾಸ್ತಾನು ನೋಡಿ ಖಾತೆ ಸರಿ ಮಾಡೋದು

ಅಂಗಡಿಯಲ್ಲಿ ಪುಸ್ತಕದ ಪ್ರಕಾರ ಹತ್ತು ಮೂಟೆ ಸಕ್ಕರೆ ಇರಬೇಕು, ಎಣಿಸಿದ್ರೆ ಎಂಟೇ ಇದೆ ಅಂದ್ರೆ ಯಾವುದನ್ನ ನಂಬ್ತೀರಿ? ಮೂಟೆನೇ ತಾನೆ. ಇಲ್ಲೂ ಅಷ್ಟೇ ಮಾಡಬೇಕು.

ದಿನಾ ಬೆಳಿಗ್ಗೆ ಎದ್ದು ಬಾತ್‌ರೂಂಗೆ ಹೋಗಿ ಬಂದ ಮೇಲೆ, ಏನೂ ತಿನ್ನೋಕೆ ಮುಂಚೆ, ಒಂದೇ ಮಷಿನ್ ಮೇಲೆ, ಗಟ್ಟಿ ನೆಲದ ಮೇಲೆ ಇಟ್ಟು ತೂಗಿ ಬರೆದಿಡಿ. ಒಂದು ದಿನ ಮನೇದು, ಒಂದು ದಿನ ಮೆಡಿಕಲ್ ಸ್ಟೋರ್‌ದು ಅಂತ ಬದಲಾಯಿಸಬೇಡಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ, ಅದು ಆ ವಾರದ ತೂಕ. ಮೊದಲ ವಾರದ ಇಳಿಕೆಯನ್ನ ಲೆಕ್ಕಕ್ಕೇ ತಗೋಬೇಡಿ, ಅದು ಹಸಿ ಕೊಬ್ಬರಿ. ಎರಡನೇ ವಾರದ ಸರಾಸರಿಯಿಂದ ಆರನೇ ವಾರದ ಸರಾಸರಿ ಕಳೆದು ನೋಡಿ.

ನಾಲ್ಕು ವಾರಕ್ಕೆ 1.2 ಕೆಜಿ ಇಳಿದಿದೆ ಅಂದ್ಕೊಳ್ಳಿ. 1.2ನ್ನು 7,700ರಿಂದ ಗುಣಿಸಿ 28ರಿಂದ ಭಾಗಿಸಿದ್ರೆ 330. ನಿಮ್ಮ ನಿಜವಾದ ದಿನದ ಕೊರತೆ ಅಷ್ಟು. ಆಪ್ 882 ಅಂತಿದ್ರೆ ಮಿಕ್ಕ 552 ಎಲ್ಲಿ ಹೋಯ್ತು? ಕಾಯಿಯಲ್ಲೋ, ಎಣ್ಣೆಯಲ್ಲೋ, ತಪ್ಪು ಬಟನ್‌ನಲ್ಲೋ, ಹುಡುಕೋ ಅಗತ್ಯಾನೇ ಇಲ್ಲ. ಎಲ್ಲಾ ತಪ್ಪೂ ಒಟ್ಟಿಗೆ ಆ ಅಂಕಿಯಲ್ಲಿ ಬಂದುಬಿಟ್ಟಿರುತ್ತೆ. ಮುಂದಿನ ಒಂದು ತಿಂಗಳು ಹೀಗೇ ತಿಂದು ಹೀಗೇ ಬರೆದ್ರೆ 1.2 ಕೆಜಿ ಅಥವಾ ಅದಕ್ಕಿಂತ ಸ್ವಲ್ಪ ಕಮ್ಮಿ ಇಳಿಯುತ್ತೆ ಅಂತ ಹೇಳಬಹುದು. ಆ ಭವಿಷ್ಯವನ್ನ ನಾನು ನಂಬ್ತೀನಿ. ಕೆಲವು ಹೊಸ ಆಪ್‌ಗಳು ಈ ತಿದ್ದುಪಡಿಯನ್ನ ತಾವೇ ಮಾಡ್ಕೋತವೆ, ನೀವು ಹಾಕಿದ ತೂಕ ನೋಡಿ ಗೀಟು ಬದಲಾಯಿಸ್ತವೆ. ಆಪ್ ಇಟ್ಕೊಳ್ಳೋದೇ ಆದ್ರೆ ಅಂಥದ್ದು ಇಟ್ಕೊಳ್ಳಿ.

ಆಪ್ ಪೂರ್ತಿ ದಂಡ ಅಂತ ನಾನು ಹೇಳ್ತಿಲ್ಲ. ನಾನೂ ಆರು ವಾರ ಬರೆದೆ. ಬಸ್ ಸ್ಟ್ಯಾಂಡ್‌ನಲ್ಲಿ ಸುದ್ದಿಗೆ ಕಾಯ್ತಾ ಎಷ್ಟು ಟೀ, ಎಷ್ಟು ಬನ್ ಹೊಟ್ಟೆಗೆ ಹೋಗುತ್ತೆ ಅಂತ ಮೊದಲ ಸಲ ಗೊತ್ತಾಗಿದ್ದು ಬರೆದಿದ್ದರಿಂದಲೇ. ತಿಂದಿದ್ದನ್ನ ಬರೆಯೋಕೆ ಅದು ಒಳ್ಳೇ ಪುಸ್ತಕ. ತಾರೀಕು ಹಾಕಿ ತೂಕ ಹೇಳೋದನ್ನ ಮಾತ್ರ ಪಂಚಾಂಗದ ಮಳೆ ಥರ ನೋಡಬೇಕು.

ಮಾತ್ರೆ ತಗೊಳ್ಳೋರು ಇದನ್ನ ಓದ್ಲೇಬೇಕು

ಶುಗರ್ ಮಾತ್ರೆಗಳು ಎಲ್ಲಾ ಒಂದೇ ಥರ ಅಲ್ಲ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳೋರಿಗೆ ಸಕ್ಕರೆ ತೀರಾ ಇಳಿಯೋದು ಅಪರೂಪ. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ರೆ ಕಥೆ ಬೇರೆ, ಅವು ಊಟ ಬಂದ್ರೂ ಬರದಿದ್ರೂ ಸಕ್ಕರೆ ಇಳಿಸ್ತವೆ. ಅಣ್ಣ ತಗೋತಿದ್ದದ್ದು ಗ್ಲಿಮೆಪಿರೈಡ್ ಇದ್ದ ಮಾತ್ರೆ. ಊಟ ಕಮ್ಮಿ ಮಾಡೋಕೆ ಮುಂಚೆ ಡಾಕ್ಟ್ರನ್ನ ಕೇಳಿದ್ರೆ ಮಾತ್ರೆ ಪ್ರಮಾಣ ಬದಲಾಯಿಸಿ ಕೊಡ್ತಿದ್ರು. ನೀವಾಗೇ ಮಾತ್ರೆ ನಿಲ್ಲಿಸೋದೂ ಬೇಡ, ಅದು ಇನ್ನೊಂದು ಅಪಾಯ. ಬಿಪಿ ಮಾತ್ರೆ ತಗೊಳ್ಳೋರು, ಕಿಡ್ನಿ ತೊಂದರೆ ಇರೋರೂ ಕೇಳಿಯೇ ಶುರು ಮಾಡಿ. ಬಸುರಿಯರು, ಎದೆಹಾಲು ಕುಡಿಸೋ ತಾಯಂದಿರು ಈ ಗೀಟಿನ ತಂಟೆಗೇ ಹೋಗಬೇಡಿ. ಕಾಲೇಜು ಹುಡುಗೀರು 900, 800 ಅಂತ ಪೈಪೋಟಿ ಮಾಡೋದನ್ನ ಕೇಳಿದೀನಿ. ಮನೆಯೋರು ಸ್ವಲ್ಪ ಗಮನ ಕೊಡಿ.

ಅಂಗಡಿಯಲ್ಲಿ ಯಾರಿಗಾದ್ರೂ ನಮ್ಮಣ್ಣನ ಹಾಗೆ ನಡುಕ, ಬೆವರು, ತಲೆ ಸುತ್ತು ಬಂದು, ಅವರಿಗೆ ಶುಗರ್ ಇದೆ ಅಂತ ಗೊತ್ತಿದ್ರೆ, ಎಚ್ಚರ ಇದ್ದಾಗ ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷಕ್ಕೂ ಸರಿಹೋಗದಿದ್ರೆ ಮತ್ತೊಮ್ಮೆ ಕೊಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಮಗಳ ಮದುವೆ ಆಯ್ತು. ಡಾಕ್ಟ್ರು ಮಾತ್ರೆ ಬದಲಾಯಿಸಿ, ಮೂರು ಹೊತ್ತೂ ಊಟ ಮಾಡಿ, ಮುದ್ದೆ ಸಣ್ಣದು ಮಾಡಿ, ಸಂಜೆ ಅಂಗಡಿ ಹುಡುಗನಿಗೆ ಬಿಟ್ಟು ಅರ್ಧ ಗಂಟೆ ನಡೀರಿ ಅಂದಿದ್ರು. ಧಾರೆ ದಿನ ಅಣ್ಣ 81 ಕೆಜಿ ಇದ್ರು. ಆಪ್ ಹೇಳಿದ್ದಕ್ಕಿಂತ ಐದು ಜಾಸ್ತಿ, ನಾವಿಬ್ರೂ ಚೀಟಿ ಮೇಲೆ ಹಾಕಿದ 3.1ರ ಇಳಿಕೆಗೆ ಹತ್ತಿರ. ಮಧ್ಯದಲ್ಲಿ ಊಟ ಬದಲಾಗಿದ್ರಿಂದ ಅದು ಅಷ್ಟು ಸರಿಯಾಗಿ ಕೂತಿದ್ದೂ ಸ್ವಲ್ಪ ಅದೃಷ್ಟವೇ. ಆಪ್‌ಗೆ ವರ್ಷದ್ದು ದುಡ್ಡು ಕಟ್ಟಿದ್ರಂತೆ, ವಾಪಸ್ ಬರಲ್ಲ. ಈಗ ತೂಕ ಬರೆಯೋದು ಸಾಲದ ಪುಸ್ತಕದ ಕೊನೇ ಹಾಳೆಯಲ್ಲಿ.